ನೆಲ ಮುಟ್ಟದ ಹಣ್ಣು

ಹೊನ್ನಕುಂಟೆ, ಆವತಿ ಅಂಚೆ
8 ಆಗಸ್ಟ್ 2024

ಇಂಜಿನಿಯರ್ ಕುಮಾರಿ ಯಶಸ್ವಿನಿಯವರ ಸನ್ನಿಧಾನಕ್ಕೆ, ಹೊನ್ನಕುಂಟೆಯ ಚಕ್ಕೋತದ ತೋಟದ ಆವಲಪ್ಪನು ಮಾಡಿಕೊಳ್ಳುವ ಅರಿಕೆ.

ತಮ್ಮ ಸಂಸ್ಥೆಯ ತಿಳಿವಳಿಕೆ ಪತ್ರವು ನಿನ್ನೆ ಕೈಸೇರಿತು. ನಮ್ಮ ತೋಟದ ಪೂರ್ವಕ್ಕಿರುವ ಗೋಮಾಳದಲ್ಲಿ ತಾವು ಡ್ರೋನ್ ಎಂಬ ಹಾರುವ ಯಂತ್ರವನ್ನು ಪರೀಕ್ಷಿಸಲಿದ್ದೀರೆಂದೂ, ಸದರಿ ಯಂತ್ರವು ಆಕಾಶದಲ್ಲಿರುವಷ್ಟು ಹೊತ್ತು ನಾವು ಯಾರೂ ತೋಟದೊಳಗೆ ತಾವು ಕಟ್ಟುವ ಕೆಂಪು ಹಗ್ಗ ದಾಟಕೂಡದೆಂದೂ, ಆಕ್ಷೇಪಣೆ ಇದ್ದಲ್ಲಿ ತಿಳಿಸಬೇಕೆಂದೂ ಬರೆದಿದ್ದೀರಿ. ಕೆಳಗೆ ದೂರವಾಣಿ ಸಂಖ್ಯೆಯನ್ನೂ ಕೊಟ್ಟಿದ್ದೀರಿ. ದೂರವಾಣಿಯಲ್ಲಿ ಆಡಿದ್ದು ಗಾಳಿಯ ಪಾಲು. ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಕುಳಿತು ಅರ್ಜಿಗಳ ನಕಲು ತೆಗೆಯುತ್ತ ಅಕ್ಷರ ತಿದ್ದಿದವನು ನಾನು. ಹೂಂ ಎನ್ನುವುದನ್ನೂ ಊಹೂಂ ಎನ್ನುವುದನ್ನೂ ಕಾಗದದ ಮೇಲೆಯೇ ಹೇಳಿ ಅಭ್ಯಾಸ. ಹೊನ್ನಕುಂಟೆಯಲ್ಲಿ ಈ ಆವಲಪ್ಪನ ಹೂಂ ಬಿದ್ದ ಮೇಲೆ ಎರಡನೆಯ ಮಾತಿಲ್ಲವೆಂಬುದನ್ನು ತಾವು ಯಾರಲ್ಲಿ ಬೇಕಾದರೂ ವಿಚಾರಿಸಬಹುದು.

ಆಕ್ಷೇಪಣೆ ಒಂದಿದೆ. ಚನ್ನರಾಯಪಟ್ಟಣದ ಕಡೆಯ ನಮ್ಮ ಬೀಗರು, ತಲೆಯ ಮೇಲೆ ಏನು ಗುಂಯ್‌ಗುಟ್ಟಿದರೂ ಸರ್ಕಾರದವರು ಭೂಸ್ವಾಧೀನಕ್ಕೆ ಜಮೀನು ಅಳೆಯಲು ಬಂದರೆಂದು ಉಣ್ಣುವ ತಟ್ಟೆ ಬಿಟ್ಟು ಬಾಗಿಲಿಗೆ ಬರುತ್ತಾರೆ. ಸದರಿ ಯಂತ್ರಕ್ಕೂ ಅಳತೆಗೂ ಸಂಬಂಧವಿಲ್ಲವೆಂದು ತಾವು ಬರೆದುಕೊಡತಕ್ಕದ್ದು.

ಇನ್ನೊಂದು ಆಕ್ಷೇಪಣೆಯಲ್ಲ, ಮಾಹಿತಿ. ಗೌರಿ ಹಬ್ಬಕ್ಕೆ ನಮ್ಮಲ್ಲಿ ಮೊದಲ ಚಕ್ಕೋತ ಇಳಿಸುವ ಪದ್ಧತಿ ಉಂಟು. ಆ ಹಣ್ಣು ನೆಲ ಮುಟ್ಟಬಾರದು. ಮುಟ್ಟಿದರೆ ಅಮ್ಮನವರಿಗೆ ಸಲ್ಲದು. ಮರದ ಮೇಲಿನವನು ತೊಟ್ಟು ಕೊಯ್ದು "ಬಿತ್ತೂ!" ಎಂದು ಕೂಗುತ್ತಾನೆ. ಕೆಳಗೆ ನಾಲ್ವರು ಕಂಬಳಿಯ ನಾಲ್ಕು ತುದಿ ಹಿಡಿದು ಹಣ್ಣನ್ನು ಅಂತರದಲ್ಲೇ ಬರಮಾಡಿಕೊಳ್ಳುತ್ತಾರೆ. ಈ ಅಭ್ಯಾಸ ಊರಿನ ಮೈಗೆ ಎಷ್ಟು ಹತ್ತಿದೆಯೆಂದರೆ, ನಮ್ಮ ಅಡಿಗೆಮನೆಯಲ್ಲಿ ಚೊಂಬು ಜಾರಿದರೆ ಪಕ್ಕದ ಮನೆಯ ಅಕ್ಕಯಮ್ಮ ಸೆರಗು ಒಡ್ಡಿಕೊಂಡು ಬರುತ್ತಾಳೆ. ಕಂಬಳಿಯ ಈಶಾನ್ಯದ ತುದಿ ನನ್ನದು. ಅದನ್ನು ನಾನು ಹಿಡಿದಂದಿನಿಂದ ನಮ್ಮ ಮೊದಲ ಹಣ್ಣು ನೆಲ ಕಂಡಿಲ್ಲ.

ಮಧ್ಯಾಹ್ನ ಮರದಡಿ ಕಣ್ಣು ಮುಚ್ಚಿದರೆ ಒಂದು ಹಣ್ಣು ತೊಟ್ಟು ಕಳಚುವುದು ಕಾಣುತ್ತದೆ. ಅದು ಬೀಳುತ್ತಲೇ ಇರುತ್ತದೆ, ಎಲೆಗಳ ನಡುವೆ, ಬೆಳಕಿನ ನಡುವೆ, ಬಹಳ ನಿಧಾನ. ತಲುಪುವುದಿಲ್ಲ. ಇದು ಸದರಿ ವಿಷಯಕ್ಕೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಇಲ್ಲಿಗೆ ಬಿಟ್ಟಿದ್ದೇನೆ.

ಅಪ್ಪಣೆಯಿದೆ, ಪರೀಕ್ಷೆ ನಡೆಯಲಿ.

ತಮ್ಮ ನೆರೆಯ ಹಿಡುವಳಿದಾರ,
ಆವಲಪ್ಪ

*

ದೊಡ್ಡಬಳ್ಳಾಪುರ
14 ಆಗಸ್ಟ್ 2024

ಪೂಜ್ಯ ಆವಲಪ್ಪನವರಿಗೆ ಯಶಸ್ವಿನಿಯ ನಮಸ್ಕಾರ.

ನಮ್ಮ ಕಚೇರಿಗೆ ಬರುವ ಉತ್ತರಗಳೆಲ್ಲ ಒಂದು ಸಹಿ ಮತ್ತು ಒಂದು ಮೊಹರು. ನಿಮ್ಮದನ್ನು ಎರಡು ಸಲ ಓದಿದೆ. ನೀವು ಕೇಳಿದಂತೆ ಬರೆದುಕೊಡುತ್ತೇನೆ: ಈ ಯಂತ್ರ ಯಾರ ಜಮೀನನ್ನೂ ಅಳೆಯುವುದಿಲ್ಲ. ಅದರ ಹೊಟ್ಟೆಯಲ್ಲಿರುವುದು ಕ್ಯಾಮೆರಾ ಅಲ್ಲ, ಔಷಧದ ಡಬ್ಬಿ. ಬೆಟ್ಟದಾಚೆಯ ಆರೋಗ್ಯ ಕೇಂದ್ರಗಳಲ್ಲಿ ಹಾವು ಕಡಿತದ ಮದ್ದು ಮುಗಿದುಹೋದಾಗ ಅದನ್ನು ಹಾರಿ ತಲುಪಿಸಬೇಕು ಎಂಬುದು ನಮ್ಮ ಆಸೆ.

ಹಾರಿಸುವವರು ಬೇರೆ ಇದ್ದಾರೆ. ನನ್ನ ಕೆಲಸ ಬೀಳಿಸುವುದು. ಮನುಷ್ಯ ಮಾಡಿದ್ದೆಲ್ಲ ಒಂದು ದಿನ ಕೆಡುತ್ತದೆ. ಕೆಟ್ಟ ದಿನ ಅದು ಯಾರ ತಲೆಯ ಮೇಲೂ ಕಲ್ಲಿನಂತೆ ಬೀಳಬಾರದು. ಆದ್ದರಿಂದ ವಿಮಾನ ನಿಲ್ದಾಣದವರ ಅನುಮತಿ ಪಡೆದು, ನಾಲ್ಕು ತೆಂಗಿನಮರದ ಎತ್ತರದಲ್ಲಿ ಬೇಕೆಂದೇ ಒಂದು ಮೋಟಾರನ್ನು ನಿಲ್ಲಿಸುತ್ತೇವೆ. ಯಂತ್ರ ತಾನೇ ಅದನ್ನು ಅರಿತು ಪ್ಯಾರಾಚೂಟ್ ಬಿಚ್ಚಬೇಕು. ನೆಲಕ್ಕೆ ಎಷ್ಟು ಮೆಲ್ಲಗೆ ತಾಗಿತೆಂದು ಒಳಗಿನ ಉಪಕರಣ ಬರೆದಿಟ್ಟುಕೊಳ್ಳುತ್ತದೆ. ಇದು ಪಾಸಾದರೆ ಮನೆಗಳ ಮೇಲೆ ಹಾರಲು ಒಪ್ಪಿಗೆ ಸಿಗುತ್ತದೆ. ಆಗದಿದ್ದರೆ ಇಲ್ಲ. ಆ ವರದಿಗೆ ಸಹಿ ಮಾಡುವವಳು ನಾನು.

ಹೊಸಕೋಟೆಯಲ್ಲಿರುವ ನಮ್ಮಮ್ಮ ಆದಿಲಕ್ಷ್ಮಮ್ಮ ಇದನ್ನು ಕೇಳಿ, "ಇಷ್ಟು ಓದ್ಸಿದ್ದು ಸಾಮಾನು ಮೇಲಿಂದ ಎಸೆಯೋಕೇನೇ? ನಿಮ್ಮಜ್ಜಿ ಓದ್ದೇನೇ ಎಸೀತಿದ್ಲಲ್ಲ!" ಎಂದರು.

ನಿಮ್ಮ ಕನಸಿನ ಹಣ್ಣನ್ನು ಕುರಿತು ಯೋಚಿಸುತ್ತಿದ್ದೇನೆ. ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ: ಬೀಳುವುದನ್ನು ನಿಧಾನ ಮಾಡುವುದು. ಆದರೆ ನಮ್ಮದು ತಲುಪಲೇಬೇಕು.

ವಂದನೆಗಳೊಂದಿಗೆ,
ಯಶಸ್ವಿನಿ

*

ದೊಡ್ಡಬಳ್ಳಾಪುರ
31 ಆಗಸ್ಟ್ 2024

ಪೂಜ್ಯರೇ,

ಸಂತೋಷವನ್ನು ಮೊದಲು ಹೇಳಬೇಕಾದ ಮನೆ ನಿಮ್ಮದು. ಮೊನ್ನೆಯ ಪರೀಕ್ಷೆ ಪಾಸಾಯಿತು!

ಯಂತ್ರ ವಾಲಿದಾಗ ಪ್ಯಾರಾಚೂಟ್ ಬಿಚ್ಚಲು ತುಸು ತಡಮಾಡಿತು. ಅಷ್ಟರಲ್ಲಿ ಶ್ರಾವಣದ ಗಾಳಿ ಅದನ್ನು ನಿಮ್ಮ ತೋಟದ ಬೇಲಿಯಾಚೆ ಹೊತ್ತೊಯ್ದು ಮರಗಳ ಮರೆ ಮಾಡಿತು. ಕಲ್ಲುಮುಳ್ಳು ತುಳಿದುಕೊಂಡು ನಾವು ಓಡಿಬರುವ ವೇಳೆಗೆ ಅದು ಹುಲ್ಲಿನ ಮೇಲೆ, ಒಂದು ಗೀರೂ ಇಲ್ಲದೆ, ಯಾರೋ ಮಲಗಿಸಿ ಹೋದ ಕೂಸಿನಂತೆ ಮಲಗಿತ್ತು. ಸುತ್ತ ಒಬ್ಬರೂ ಇರಲಿಲ್ಲ. ಹಗ್ಗ ದಾಟಬೇಡಿ ಎಂದದ್ದನ್ನು ಹೊನ್ನಕುಂಟೆಯವರು ಇಷ್ಟು ಚೆನ್ನಾಗಿ ಪಾಲಿಸಿದ್ದಕ್ಕೆ ನಮ್ಮ ಮುಖ್ಯಸ್ಥರಾದ ಶ್ರೀಧರ್ ಸರ್ ಕೃತಜ್ಞತೆ ತಿಳಿಸಿದ್ದಾರೆ.

ಉಪಕರಣದ ಪ್ರಕಾರ ಅದು ತಾಗಿದ್ದು ನಾನು ಎಣಿಸಿದ್ದಕ್ಕಿಂತ ಎಷ್ಟೋ ಮೆತ್ತಗೆ. ವರದಿಗೆ ಸಹಿ ಮಾಡಿ ಕಳಿಸಿದ್ದೇನೆ. ಕಾರ್ತಿಕದ ಹೊತ್ತಿಗೆ ನಿಮ್ಮ ಊರಿನ ಮೇಲೆ ಔಷಧ ಹಾರಬಹುದು. ತೋಟದಲ್ಲಿ ಏನಾದರೂ ನಷ್ಟವಾಗಿದ್ದರೆ ದಯವಿಟ್ಟು ತಿಳಿಸಿ.

ಹಬ್ಬದ ಶುಭಾಶಯಗಳೊಡನೆ,
ಯಶಸ್ವಿನಿ

*

ಹೊನ್ನಕುಂಟೆ, ಆವತಿ ಅಂಚೆ
9 ಸೆಪ್ಟೆಂಬರ್ 2024

ಕುಮಾರಿ ಯಶಸ್ವಿನಿಯವರಿಗೆ ಆವಲಪ್ಪನ ಉತ್ತರ.

ಕಣ್ಣಿಗೆ ಹೊಸ ಕನ್ನಡಕ ಇನ್ನೂ ಹೊಂದಿಕೊಳ್ಳದ ಕಾರಣ ಈ ಪತ್ರವನ್ನು ನನ್ನ ಧರ್ಮಪತ್ನಿ ರುಕ್ಮಿಣಮ್ಮನಿಂದ ಬರೆಸುತ್ತಿದ್ದೇನೆ. ಅಕ್ಷರ ದುಂಡಗಿಲ್ಲದಿದ್ದರೆ ಮನ್ನಿಸತಕ್ಕದ್ದು.

ಸದರಿ ಯಂತ್ರವು ಪಾಸಾದ ವಿಷಯ ತಿಳಿದು ಪರಮಾನಂದವಾಯಿತು. ತೋಟದಲ್ಲಿ ಯಾವ ನಷ್ಟವೂ ಸಂಭವಿಸಿರುವುದಿಲ್ಲ. ಮೊದಲ ಹಣ್ಣು ವಾಡಿಕೆಯಂತೆ ಅಮ್ಮನವರಿಗೆ ಸಂದಿತು. ತಮ್ಮ ವರದಿಯು ಉನ್ನತಾಧಿಕಾರಿಗಳ ಮನ್ನಣೆ ಪಡೆದು ತಾವು ಏಳಿಗೆ ಹೊಂದಬೇಕೆಂದು

ಯಶಸ್ವಿನಿ, ಇವ್ರು ಬಾಯಿ ಮುಕ್ಕಳಿಸೋಕೆ ಎದ್ದು ಹೋಗವ್ರೆ. ಬೇಗ ಬೇಗ ಬರೀತೀನಿ, ನೋಡ್ಕೊಳ್ಳವ್ವ. ಕನ್ನಡಕ ಅಂದಿದ್ದು ಸುಳ್ಳು. ಬಲಗೈಗೆ ಹೊಲಿಗೆ ಬಿದ್ದೈತೆ. ನಿನ್ ಯಂತ್ರ ನೆಲಕ್ ಬೀಳ್ಲಿಲ್ಲ ಕಣೆ. ಮರದ ತುದೀಲಿ ಕಂಡಿದ್ದೇ ತಡ ಅಕ್ಕಯಮ್ಮ "ಬಿತ್ತೂ!" ಅಂದ್ಲು. ನಮ್ಮ ಕಿರಿ ಮಗ ಅಂಬರೀಶ, ಸೊಸೆ ಮಮತ, ಅಕ್ಕಯಮ್ಮ, ಇವ್ರು, ನಾಲ್ಕೂ ಜನ ಕಂಬಳಿ ಹಿಡ್ಕೊಂಡು ಅದ್ರ ಕೆಳಗೇ ಓಡಿದ್ರು. ಹಿಡಿದೇಬಿಟ್ರು. ಒಂದು ರೆಕ್ಕೆ ಇನ್ನೂ ತಿರುಗ್ತಾ ಇತ್ತು, ಇವ್ರ ಅಂಗೈ ಸೀಳ್ತು. ಹಗ್ಗ ದಾಟಿದ್ದು ಗೊತ್ತಾದ್ರೆ ಹುಡುಗಿ ಕೆಲಸಕ್ಕೆ ಸಂಚಕಾರ ಅಂತ ಯಂತ್ರಾನ ಹುಲ್ ಮೇಲೆ ಮಡಗಿ ಎಲ್ರೂ ಒಳಗ್ ಬಂದ್ಬಿಟ್ರು. ಹಬ್ಬದ ದಿನ ಇವ್ರ ತುದೀನ ನಾನೇ ಹಿಡಿದೆ.

ಬಯ್ಬೇಡ ಇವ್ರನ್ನ. ನಮ್ ದೊಡ್ಡ ಮಗ ಆನಂದ ಆ ಹಳೇ ಮರದಿಂದ ಬಿದ್ದು ತೀರ್ಕೊಂಡಾಗ ಕೆಳಗೆ ಯಾರೂ ಇರ್ಲಿಲ್ಲ. ಅದನ್ನ ಇವ್ರು ಯಾವ ಅರ್ಜೀಲೂ ಬರೆಯಾಕಿಲ್ಲ. ಇವ್ರು ಬಂದ್ರು.

ಹಾರೈಸುತ್ತೇನೆ.

ತಮ್ಮ ಹಿತೈಷಿ,
ಆವಲಪ್ಪ
(ರುಜು ಎಡಗೈಯದ್ದಾಗಿರುತ್ತದೆ.)

*

ದೊಡ್ಡಬಳ್ಳಾಪುರ
16 ಸೆಪ್ಟೆಂಬರ್ 2024

ಪೂಜ್ಯ ಆವಲಪ್ಪನವರಿಗೆ ಮತ್ತು ರುಕ್ಮಿಣಮ್ಮನವರಿಗೆ,

ಭಾನುವಾರ ನಿಮ್ಮ ತೋಟದ ಬಾಗಿಲತನಕ ಬಂದಿದ್ದೆ. ನೀವು ಜಗಲಿಯಲ್ಲಿ ಕುಳಿತು ಎಡಗೈಯಲ್ಲಿ ಕಾಫಿ ಲೋಟ ಹಿಡಿದಿದ್ದಿರಿ. ಕಟ್ಟು ಹಾಕಿದ ಬಲಗೈ ಮಡಿಲಲ್ಲಿ ಬಿಳಿಯ ಹಕ್ಕಿಯಂತೆ ಕೂತಿತ್ತು. ಒಳಗೆ ಬರಲಾಗಲಿಲ್ಲ. ಬೇಲಿಯ ಬಳಿ ಸ್ವಲ್ಪ ಹೊತ್ತು ನಿಂತು ಹೊರಟುಹೋದೆ.

ವರದಿಯನ್ನು ಹಿಂತೆಗೆದುಕೊಂಡಿದ್ದೇನೆ. ರುಕ್ಮಿಣಮ್ಮನವರ ಸಾಲುಗಳನ್ನು ಓದಿದ ಮೇಲೆ ಉಪಕರಣ ಬರೆದ ಗೆರೆಯನ್ನು ಇನ್ನೊಮ್ಮೆ ಬಿಡಿಸಿ ನೋಡಿದೆ. ಕೊನೆಯಲ್ಲಿ ಅದು ಎರಡು ಸಲ ಮೆಲ್ಲನೆ ಮೇಲೆ ಕೆಳಗೆ ತೂಗಿದೆ. ಅಂದು ಅದನ್ನು ಗಾಳಿ ಎಂದುಕೊಂಡಿದ್ದೆ. ಶ್ರೀಧರ್ ಸರ್ ಮೊದಲು ಒಪ್ಪಲಿಲ್ಲ.

"ನೋಡಮ್ಮಾ, ಗ್ರಾಫ್ ಇದೆ, ಫೋಟೋ ಇದೆ, ಸಹಿ ಇದೆ. ಕಂಬಳಿ ಯಾವ ಗ್ರಾಫಲ್ಲಿದೆ?"

ನಾನು ಆ ಗೆರೆಯ ಮೇಲೆ ಬೆರಳಿಟ್ಟೆ. "ನೆಲ ಯಾವತ್ತಾದ್ರೂ ತೂಗುತ್ತಾ ಸರ್?"

ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತರು. ಆಮೇಲೆ, "ವಾಪಸ್ ತಗೋ. ಮೇಲಿನೋರ ಬೈಗುಳ ನಾನು ತಿಂತೀನಿ. ನಮ್ಮನೇಲಿ ದಿನಾ ತಿಂದು ಅಭ್ಯಾಸ ಇದೆ" ಎಂದರು.

ನೀವು ಹಿಡಿಯದೆ ಇದ್ದಿದ್ದರೆ ಅದು ನೆಲಕ್ಕೆ ಬಲವಾಗಿ ಅಪ್ಪಳಿಸುತ್ತಿತ್ತು. ಅಂಥ ಯಂತ್ರಕ್ಕೆ ನಾನು ಮನೆಗಳ ಮೇಲೆ ಹಾರಲು ದಾರಿ ಬಿಟ್ಟುಕೊಡುವವಳಿದ್ದೆ. ರೆಕ್ಕೆ ಯಾಕೆ ತಿರುಗುತ್ತಿತ್ತು ಎಂಬುದೂ ತಿಳಿಯಿತು. ಪ್ಯಾರಾಚೂಟಿಗೆ ಜೋತುಬಿದ್ದ ಮೇಲೂ ತಾನಿನ್ನೂ ಹಾರುತ್ತಿದ್ದೇನೆಂದು ಯಂತ್ರ ನಂಬಿತ್ತು. ಗಾಳಿ ವಾಲಿಸಿದಾಗಲೆಲ್ಲ ನೆಟ್ಟಗಾಗಲು ಹೆಣಗುತ್ತಿತ್ತು. ಅದಕ್ಕೆ ಬೀಳುವುದನ್ನು ಒಪ್ಪಿಕೊಳ್ಳಲು ನಾನು ಕಲಿಸಿರಲಿಲ್ಲ.

ಮುಂದಿನ ಪರೀಕ್ಷೆಯನ್ನು ಬೇರೆ ಕಡೆ ನಡೆಸಬಹುದು. ಆದರೆ ಜನ ಓಡಿಬರುತ್ತಾರೆಂದು ತಿಳಿದ ಮೇಲೆ ಓಡಿಬರದ ಜಾಗ ಹುಡುಕಿ ಪಾಸಾದರೆ ಅದು ಪಾಸಲ್ಲ. ಈ ಸಲ ರೆಕ್ಕೆಗಳನ್ನು ಕಳಚಿ, ಬರೀ ಮೈಯನ್ನು ಪ್ಯಾರಾಚೂಟಿನೊಡನೆ ಇನ್ನೊಂದು ದೊಡ್ಡ ಯಂತ್ರದಿಂದ ಬೀಳಿಸುತ್ತೇವೆ. ಬೀಳುವಾಗ ಅದು ಜೋರಾಗಿ ಕೂಗುತ್ತದೆ, ಎಲ್ಲರೂ ದೂರ ಸರಿಯಲೆಂದು.

ಕೈ ಹೇಗಿದೆ? ಕನ್ನಡಕದ ವಿಷಯ ಕೇಳುವುದಿಲ್ಲ.

ಯಶಸ್ವಿನಿ

*

ಹೊನ್ನಕುಂಟೆ, ಆವತಿ ಅಂಚೆ
22 ಅಕ್ಟೋಬರ್ 2024

ಇಂಜಿನಿಯರ್ ಯಶಸ್ವಿನಿಗೆ ಆವಲಪ್ಪನ ತಕರಾರು ಮತ್ತು ಹೇಳಿಕೆ.

ಅಕ್ಷರಗಳು ವಾಲಿರುವುದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಬಾರದು. ಬೆರಳುಗಳು ಪೂರ್ತಿ ಮಡಿಯುವುದಿಲ್ಲ. ಅಷ್ಟೆ.

ತಕರಾರು ಏನೆಂದರೆ, ನನ್ನ ಹೇಳಿಕೆ ಪಡೆಯದೆ ತಾವು ವರದಿ ಹಿಂತೆಗೆದುಕೊಂಡದ್ದು. ನಾವು ಹಿಡಿದದ್ದು ಕ್ರಮಬದ್ಧವಾಗಿಯೇ ಇತ್ತು, ಯಂತ್ರಕ್ಕೆ ಒಂದು ಗೀರೂ ಬೀಳದಂತೆ. ನಡುವೆ ಹೆಂಗಸರ ಅಕ್ಷರ ನುಸುಳಿದ ಪತ್ರವನ್ನು ಯಾವ ಕಚೇರಿಯೂ ಮಾನ್ಯ ಮಾಡುವುದಿಲ್ಲ. ಇದನ್ನು ರುಕ್ಮಿಣಿಗೆ ಹೇಳಿದೆ. "ಮಾನ್ಯ ಮಾಡವ್ಳಲ್ಲ ಆ ಹುಡುಗಿ, ಸಾಕು ಬಿಡಿ" ಎಂದಳು. ಮೂರು ದಿನ ನಾನು ಮಾತನಾಡಲಿಲ್ಲ. ಅವಳಿಗೆ ಅದು ತಿಳಿದಂತೆಯೂ ಕಾಣಲಿಲ್ಲ.

ಆದಾಗ್ಯೂ ತಮ್ಮ ಪತ್ರದ ಒಂದು ವಾಕ್ಯ ನನ್ನನ್ನು ಬಿಡಲಿಲ್ಲ. ಅಂಥ ಯಂತ್ರ ಮನೆಗಳ ಮೇಲೆ ಹಾರುವುದಿತ್ತೆಂದು ಬರೆದಿದ್ದೀರಿ. ನಮ್ಮ ಊರಿನ ಮೇಲೆ ಹಾರಿದರೆ ನಾವಿದ್ದೇವೆ. ಕಂಬಳಿ ಇಲ್ಲದ ಊರಿನ ಮೇಲೆ ಹಾರಿದರೆ?

ಆದ್ದರಿಂದ ಪರೀಕ್ಷೆಯ ಮುನ್ನಾದಿನ ಊರನ್ನು ಅರಳಿಕಟ್ಟೆಗೆ ಕರೆಸಿ, ಯಂತ್ರ ಬಿದ್ದರೆ ಯಾರೂ ಕದಲಕೂಡದೆಂದು ಅಪ್ಪಣೆ ಮಾಡಿದೆ. ಎಲ್ಲರೂ ಹೂಂ ಎಂದರು. ಅಕ್ಕಯಮ್ಮ, "ನಮ್ಮನ್ನೇನು ಎಳೇ ಮಕ್ಕಳು ಅಂದ್ಕೊಂಡಿದ್ಯಾ ಆವಲಪ್ಪಣ್ಣ? ನೋಡ್ಕೊಂಡ್ ನಿಂತಿರ್ತೀವಿ, ಅಷ್ಟೇ ತಾನೇ?" ಎಂದಳು.

ಮರುದಿನ ನಡೆದದ್ದು ತಮ್ಮ ಕಣ್ಣೆದುರೇ ನಡೆದಿದೆಯಾದರೂ ದಾಖಲೆಗಾಗಿ ಬರೆಯುತ್ತೇನೆ. ತಮ್ಮ ಯಂತ್ರವು ಮೇಲಿನಿಂದ ಕೂಗಿತು. ದೂರ ಸರಿಯಲೆಂದು ತಾವು ಇಟ್ಟ ಕೂಗು. ನಮ್ಮ ಕಿವಿಗೆ ಮೇಲಿನಿಂದ ಬರುವ ಕೂಗಿಗೆ ಒಂದೇ ಅರ್ಥ. ನೋಡಲೆಂದು ನಿಂತಿದ್ದವರು ಮಾತ್ರವಲ್ಲ, ಅತ್ತ ರಾಗಿ ಹೊಲದಲ್ಲಿ ಇದ್ದವರೂ ಓಡಿಬಂದರು. ತಮ್ಮ ಶ್ರೀಧರ್ ಸಾಹೇಬರು ಎರಡೂ ತೋಳು ಅಗಲಿಸಿ, "ನಿಲ್ಲಿ! ನಿಲ್ಲೀಂದ್ರೆ!" ಎಂದು ಅಡ್ಡ ನಿಂತರು. ಅಕ್ಕಯಮ್ಮ ಅವರೂ ಹಿಡಿಯಲು ನಿಂತಿದ್ದಾರೆಂದು ತಿಳಿದು, "ಹಂಗಲ್ಲ ಸ್ವಾಮಿ, ಹಿಂಗೆ!" ಎಂದು ಕಂಬಳಿಯ ತುದಿ ಅವರ ಕೈಗೆ ತುರುಕಿದಳು. ಸಾಹೇಬರು ಹಿಡಿದರು. ಯಂತ್ರವು ಸರಿಯಾಗಿ ನಡುವೆ ಬಂದು ಕುಳಿತಿತು.

ಈಶಾನ್ಯದ ತುದಿಯನ್ನು ಎಡಗೈಯಲ್ಲಿ ಹಿಡಿದಿದ್ದವನು ನಾನೇ. ಅಪ್ಪಣೆ ಮಾಡಿದವನೇ ಮೊದಲು ಓಡಿದ್ದೆ. ಹೇಗೆ ಓಡಿದೆನೆಂಬುದು ಗೊತ್ತಿಲ್ಲ. ಕಾಲಿಗೆ ಯಾರೂ ಅಪ್ಪಣೆ ಕೊಟ್ಟಂತೆ ಇರಲಿಲ್ಲ.

ಆ ದಿನದಿಂದ ಕನಸಿನಲ್ಲಿ ಹಣ್ಣು ಬೀಳುವಾಗ ಕೂಗುತ್ತದೆ. ಯಾರನ್ನು ಕೂಗುತ್ತದೋ ಕೇಳಿಸುವುದಿಲ್ಲ.

ತಲೆತಗ್ಗಿಸಿ ಅಭ್ಯಾಸವಿಲ್ಲದ,
ಆವಲಪ್ಪ

*

ದೊಡ್ಡಬಳ್ಳಾಪುರ
18 ಡಿಸೆಂಬರ್ 2024

ಪ್ರೀತಿಯ ತಾತನವರಿಗೆ,

ಹಾಗೆ ಕರೆಯಲು ಅನುಮತಿ ಕೇಳಿ ಅರ್ಜಿ ಹಾಕಿಲ್ಲ. ಮನ್ನಿಸಿ.

ಶ್ರೀಧರ್ ಸರ್ ಆ ದಿನ ಕಾರಿನಲ್ಲಿ ದೊಡ್ಡಬಳ್ಳಾಪುರದ ಹತ್ತಿರ ಬಂದಾಗ ತಮ್ಮ ಕೈಗಳನ್ನು ನೋಡಿಕೊಂಡು, "ನಾನ್ಯಾಕೆ ಹಿಡಿದೆ ಯಶಸ್ವಿನಿ?" ಎಂದರು. ಆಮೇಲೆ ತಾವೇ ನಕ್ಕರು. "ಆದ್ರೂ ಸರಿಯಾಗಿ ಹಿಡಿದೆ ಅಲ್ವಾ?"

ಆ ಕ್ಷಣದಲ್ಲಿ ನನ್ನ ತಪ್ಪು ನನಗೆ ಕಂಡಿತು. ಆಕಾಶದಿಂದ ಏನಾದರೂ ಬಿದ್ದರೆ ಜನ ದೂರ ಓಡುತ್ತಾರೆ ಎಂಬುದನ್ನು ನಾನು ನನ್ನ ಲೆಕ್ಕದಲ್ಲಿ ಮೊದಲ ಸಾಲಾಗಿ ಬರೆದುಕೊಂಡಿದ್ದೆ. ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಈಗ ಆ ಸಾಲನ್ನು ಅಳಿಸಿದ್ದೇನೆ. ಜನರನ್ನು ತಿದ್ದುವುದು ನನ್ನಿಂದಾಗದು, ನಿಮ್ಮಿಂದಲೂ ಆಗಲಿಲ್ಲ. ಯಂತ್ರವನ್ನು ತಿದ್ದಬಹುದು.

ಈ ಎರಡು ತಿಂಗಳು ನಾವು ಮಾಡಿದ್ದನ್ನು ಹೇಳುತ್ತೇನೆ. ಮುಖ್ಯ ಗಣಕದ ಮಾತು ಕೇಳದ ಇನ್ನೊಂದು ಪುಟ್ಟ ಗಣಕವನ್ನು ಬೇರೆಯಾಗಿ ಇಟ್ಟಿದ್ದೇವೆ. ದೊಡ್ಡದು ಇನ್ನೂ ಹಾರುತ್ತೇನೆಂದು ಹಟ ಹಿಡಿದರೂ, ಚಿಕ್ಕದು ಬೀಳುತ್ತಿರುವುದನ್ನು ಮೊದಲೇ ಅರಿತು ಪ್ಯಾರಾಚೂಟ್ ಬಿಚ್ಚುತ್ತದೆ, ಅದೇ ಉಸಿರಿನಲ್ಲಿ ಎಲ್ಲ ರೆಕ್ಕೆಗಳನ್ನೂ ಬಿಗಿದು ನಿಲ್ಲಿಸುತ್ತದೆ. ರೆಕ್ಕೆಯ ಸುತ್ತ ಮೆತ್ತನೆಯ ಬಳೆ. ಕೂಗನ್ನು ತೆಗೆದುಹಾಕಿದ್ದೇವೆ. ಕೈ ಒಡ್ಡಿದವರ ಕೈ ಇನ್ನು ಸೀಳುವುದಿಲ್ಲ.

ಆದರೆ ನನಗೆ ಅಷ್ಟು ಸಾಲದು, ತಾತ. ಹಿಡಿಯುವವರು ಇದ್ದಾಗ ಮೆಲ್ಲಗೆ ಇಳಿಯುವುದು ದೊಡ್ಡದಲ್ಲ. ಬಯಲಿನ ಮೇಲೆ, ಖಾಲಿ ಮಧ್ಯಾಹ್ನದಲ್ಲಿ, ಕೆಳಗೆ ಯಾರೂ ಇಲ್ಲದ ಕಡೆಯೂ ಅದು ಹಾಗೆಯೇ ಇಳಿಯಬೇಕು. ಇದನ್ನು ಯಾಕೆ ನಿಮಗೆ ಬರೆಯುತ್ತಿದ್ದೇನೆಂದು ನಾನು ವಿವರಿಸುವುದಿಲ್ಲ. ನೀವೂ ಕೇಳಬೇಡಿ.

ಫೆಬ್ರುವರಿ ಮೊದಲ ವಾರ ಕೊನೆಯ ಪರೀಕ್ಷೆ. ಇದೂ ತಪ್ಪಿದರೆ ಸಂಸ್ಥೆ ಔಷಧದ ಯೋಜನೆಯನ್ನೇ ಕೈಬಿಡುತ್ತದೆ. ಗಾಳಿ ಯಾವ ಕಡೆ ಒಯ್ಯುತ್ತದೋ ತಿಳಿಯದು, ನಿಮ್ಮ ತೋಟಕ್ಕೇ ತರಬಹುದು. ನಿಮ್ಮನ್ನು ಒಂದು ಕೇಳಿಕೊಳ್ಳುತ್ತೇನೆ. ಅದು ಸಣ್ಣದಲ್ಲವೆಂದು ಬಲ್ಲೆ.

ಅದನ್ನು ನೆಲಕ್ಕೆ ಬಿಡಿ.

ನಿಮ್ಮ,
ಯಶಸ್ವಿನಿ

*

ಹೊನ್ನಕುಂಟೆ, ಆವತಿ ಅಂಚೆ
9 ಫೆಬ್ರುವರಿ 2025

ಚಿರಂಜೀವಿ ಯಶಸ್ವಿನಿಗೆ ತಾತ ಆವಲಪ್ಪನ ಆಶೀರ್ವಾದಗಳು. ಸದರಿ ಪದವಿಯನ್ನು ಅರ್ಜಿ ಇಲ್ಲದೆಯೇ ಮಂಜೂರು ಮಾಡಿದೆ.

ಉಪಕರಣ ಏನು ಬರೆದುಕೊಂಡಿತೆಂಬುದನ್ನು ನೀನು ಅಂದೇ ಎಲ್ಲರ ಮುಂದೆ ಓದಿ ಹೇಳಿದೆ. ಶ್ರೀಧರ್ ಸಾಹೇಬರು ಅಕ್ಕಯಮ್ಮನ ಕೈ ಕುಲುಕಿದ್ದನ್ನೂ, ಆಕೆ ಆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇದ್ಯಾಕಪ್ಪಾ, ಈ ಸಲ ಏನೂ ಮಾಡ್ಲೇ ಇಲ್ವಲ್ಲ ನಾನು!" ಎಂದದ್ದನ್ನೂ ಊರು ಇನ್ನೂ ನೆನೆದು ನಗುತ್ತಿದೆ. ಆದರೆ ಬೇಲಿಯ ಈಚೆ ನಡೆದದ್ದು ನಿನ್ನ ಯಾವ ಉಪಕರಣಕ್ಕೂ ಗೋಚರವಾಗಿರುವುದಿಲ್ಲ. ಆದ್ದರಿಂದ ಈ ಪತ್ರ.

ಚಕ್ಕೋತ ಹೂ ಬಿಟ್ಟಿದೆ. ಬೆಳಗಿನಿಂದ ತೋಟದ ತುಂಬ ಆ ಪರಿಮಳ ನಿಂತುಬಿಟ್ಟಿರುತ್ತದೆ, ಕೈಯಲ್ಲಿ ಸರಿಸಿಕೊಂಡು ನಡೆಯಬೇಕು ಅನ್ನುವಷ್ಟು. ಆ ದಿನ ಊರನ್ನು ನಾನು ಅರಳಿಕಟ್ಟೆಗೆ ಕರೆಸಲಿಲ್ಲ. ಮನೆಮನೆಗೆ ಹೋಗಿ ಕಂಬಳಿಗಳನ್ನು ಕೇಳಿ ಪಡೆದೆ. ಎಲ್ಲವನ್ನೂ ಮಡಿಸಿ ನಮ್ಮ ಜಗಲಿಯಲ್ಲಿ ಪೇರಿಸಿ, ಮಮತಳನ್ನು ಅದರ ಮೇಲೆ ಕೂರಿಸಿದೆ. ನಮ್ಮ ಕಂಬಳಿಯನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡೆ. ಯಾಕೆಂದು ಅವಳು ಕೇಳಿದಳು. ಚಳಿ ಎಂದೆ. ಬಿಸಿಲು ನೆತ್ತಿಯ ಮೇಲಿತ್ತು.

ಯಂತ್ರ ಏರಿತು. ಆವತಿ ಬೆಟ್ಟದ ಮೇಲಿನ ಬಿಳಿ ಮೋಡದ ಎದುರು ಜೇನುಹುಳದಷ್ಟಾಗಿ ನಿಂತಿತು. ಆಮೇಲೆ ವಾಲಿತು. ಕಣ್ಣು ರೆಪ್ಪೆ ಹೊಡೆಯುವುದರೊಳಗೆ ಅದರ ನೆತ್ತಿಯಿಂದ ಬಿಳಿಯದೊಂದು ಹೊರಟು ಅರಳಿತು, ನಮ್ಮ ಮರಗಳ ಹೂವಿನ ಹಾಗೆಯೇ. ಅದರೊಡನೆ ಸದ್ದು ನಿಂತಿತು. ಅಷ್ಟು ಹೊತ್ತು ಗುಂಯ್‌ಗುಡುತ್ತಿದ್ದ ಆಕಾಶ ಒಮ್ಮೆಗೇ ಮೌನವಾದದ್ದನ್ನು ನಾನು ಕೇಳಿದೆ. ನೀನು ಕಲಿಸಿದ್ದನ್ನು ಅದು ಕಲಿತಿತ್ತು. ಬೀಳುತ್ತಿದ್ದೇನೆಂದು ಒಪ್ಪಿಕೊಂಡಿತ್ತು.

ಗಾಳಿ ಅದನ್ನು ನಮ್ಮ ಕಡೆಗೇ ತಂದಿತು. ಹಳೆಯ ಮರದ ಪಕ್ಕದ ಬಯಲಿಗೆ. ಆ ಮರದ ಕೆಳಗೆ ನಾವು ಏನೂ ಬಿತ್ತುವುದಿಲ್ಲ.

ನನ್ನ ಕಾಲು ಒಂದು ಹೆಜ್ಜೆ ಇಟ್ಟಿತು. ಅದನ್ನು ಬಚ್ಚಿಡುವುದಿಲ್ಲ. ಹಿಂದಿನಿಂದ ಅಕ್ಕಯಮ್ಮ, "ಅಯ್ಯೋ ಆವಲಪ್ಪಣ್ಣಾ, ಬರ್ತಾ ಐತೆ, ಬರ್ತಾ ಐತೆ! ಕಂಬಳಿ ಬಿಚ್ಚೋ!" ಎಂದು ಕೂಗಿದಳು. ಅಂಬರೀಶ ನನ್ನ ಮುಖವನ್ನೇ ನೋಡುತ್ತಿದ್ದ, ಹೂಂ ಎಂದರೆ ಓಡಲು. ಕಂಬಳಿಯ ಮಡಿಕೆ ಕೈಯಲ್ಲಿ ಸಡಿಲುತ್ತಿತ್ತು.

ಆಗ ರುಕ್ಮಿಣಿ ಬಂದು ಪಕ್ಕದಲ್ಲಿ ನಿಂತಳು. ನನ್ನನ್ನು ತಡೆಯಲಿಲ್ಲ. ಕಂಬಳಿಯ ಇನ್ನೊಂದು ಬದಿಯನ್ನು ಹಿಡಿದು, ಮಡಿಕೆ ಬಿಚ್ಚದ ಹಾಗೆ ಎದೆಗೆ ಒತ್ತಿಕೊಂಡಳು ಅಷ್ಟೆ. "ನೋಡಿ" ಎಂದಳು. "ಎಷ್ಟು ನಿಧಾನ ಬರ್ತಾ ಐತೆ ನೋಡಿ."

ನೋಡಿದೆ. ಎಲೆಗಳ ನಡುವೆ, ಬೆಳಕಿನ ನಡುವೆ, ಅದು ಬರುತ್ತಿತ್ತು. ಹೀಗೆ ಬೀಳುವುದನ್ನು ನಾನು ಎಷ್ಟು ಮಧ್ಯಾಹ್ನ ಕಂಡಿಲ್ಲ. ತಲುಪಿದ್ದನ್ನು ಮಾತ್ರ ಕಂಡಿರಲಿಲ್ಲ. ಒಂದು ಎತ್ತರದಿಂದ ಕೆಳಗಿನದನ್ನು ನಾನು ಯಾವಾಗಲೂ ಕಂಬಳಿಯಿಂದ ಮುಚ್ಚಿಬಿಡುತ್ತಿದ್ದೆ.

ನೆಲ ಮುಟ್ಟಿದ ಸದ್ದು ದೊಡ್ಡದಿರುತ್ತದೆಂದು ಇಷ್ಟು ವರ್ಷ ತಿಳಿದಿದ್ದೆ. ಹಾಗಿರಲಿಲ್ಲ. ಒಣ ಎಲೆಗಳು ತುಸು ಅತ್ತಿತ್ತ ಸರಿದು ಜಾಗ ಮಾಡಿಕೊಟ್ಟವು. ಅದರ ಮೇಲೆ ಬಿಳಿಯ ಬಟ್ಟೆ ತಡವಾಗಿ, ಉಸಿರು ಬಿಟ್ಟಂತೆ, ಮಲಗಿತು. ಯಾರೂ ಹತ್ತಿರ ಹೋಗಲಿಲ್ಲ. ಅಕ್ಕಯಮ್ಮ ಕೂಡ.

ನೀನು ಬೇಲಿ ಹಾರಿ ಓಡಿಬರುವವರೆಗೆ ನಾವಿಬ್ಬರೂ ಮಡಿಸಿದ ಕಂಬಳಿ ಹಿಡಿದು ನಿಂತೇ ಇದ್ದೆವು. ನೀನು ನನ್ನ ಮುಖ ನೋಡಿ ಏನಾಯಿತು ತಾತ ಎಂದೆ. ಹೊಸ ಕನ್ನಡಕ ಎಂದೆ.

ನಿನ್ನೆ ಮಧ್ಯಾಹ್ನ ಅದೇ ಮರದಡಿಯಲ್ಲಿ, ಕಂಬಳಿ ಹಾಸಿಕೊಳ್ಳದೆ, ಮಲಗಿದ್ದೆ. ಹಣ್ಣು ತೊಟ್ಟು ಕಳಚಿತು. ಕೂಗಲಿಲ್ಲ. ನಾನು ಓಡಲಿಲ್ಲ. ಬಂದು ನನ್ನ ಮಗ್ಗುಲಿನ ನೆಲ ಮುಟ್ಟಿತು.

ಈ ಹೇಳಿಕೆಯನ್ನು ಯಾರ ಒತ್ತಾಯವೂ ಇಲ್ಲದೆ ಬಲಗೈಯಿಂದಲೇ ಬರೆದಿದ್ದೇನೆ. ನಿನ್ನ ವರದಿಗೆ ಸಾಕ್ಷಿಯ ಅಗತ್ಯ ಬಿದ್ದರೆ ಲಗತ್ತಿಸಿಕೊಳ್ಳಬಹುದು: ಯಂತ್ರ ಇಳಿದಾಗ ಕೆಳಗೆ ಯಾರೂ ಇರಲಿಲ್ಲ. ಆದರೂ ಮೆಲ್ಲಗೆ ಇಳಿಯಿತು.

ಕಣ್ಣಾರೆ ಕಂಡ,
ಆನಂದನ ತಂದೆ ಆವಲಪ್ಪ